ಭದ್ರಾವತಿಯ ಲೆಕ್ಕದಿಂದ ಶುರು ಮಾಡು

ರವೀಂದ್ರನಗರ, ಶಿವಮೊಗ್ಗ

ಪುಟ್ಟಿ,

ನಿನ್ನ ಕಾಗದ ತಲುಪಿತು. ಶಂಕರಘಟ್ಟದಲ್ಲಿ ಎಂ.ಕಾಂ. ಓದುವವಳನ್ನು ಬೆಂಗಳೂರು, ಮುಂಬೈಯ ಫೈನಾನ್ಸ್ ಕಂಪನಿಗಳು ಯಾಕೆ ಕರೆದಾವು ಎಂದು ಕೇಳಿದ್ದೀಯ. ದೊಡ್ಡ ಬಿಸಿನೆಸ್ ಸ್ಕೂಲುಗಳಿಗೆ ಅವರೇ ಹುಡುಕಿಕೊಂಡು ಹೋಗುತ್ತಾರೆ, ನಿಜ. ಆದರೆ ಆ ಕೆಲಸಕ್ಕೆ ಬೇಕಾದ ವಿದ್ಯೆಯನ್ನು ಮನೆಯಲ್ಲಿ ಕೂತೇ ಕಲಿಯಬಹುದು. ಬ್ಯಾಂಕಿನಲ್ಲಿ ಸಾಲದ ಫೈಲು ನೋಡುತ್ತಲೇ ನಿವೃತ್ತನಾದವನು ನಾನು. ಒಂದು ಕಂಪನಿಯ ಲೆಕ್ಕ ಓದಿ, ಅದರ ಸ್ಥಿತಿಗತಿಯನ್ನು ಎರಡು ಪುಟದಲ್ಲಿ ಸ್ಪಷ್ಟವಾಗಿ ಬರೆಯಬಲ್ಲವರು ಎಲ್ಲ ಕಡೆಯೂ ಬೇಕು.

ನಮ್ಮೂರಿನಿಂದಲೇ ಶುರು ಮಾಡು. ಭದ್ರಾವತಿಯ ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್ 1998ರಲ್ಲಿ ಸರ್ಕಾರಿ ಉಕ್ಕು ಕಂಪನಿ ಸೈಲ್ ಜೊತೆ ವಿಲೀನವಾಯಿತು. ಸೈಲ್‌ನ ವಾರ್ಷಿಕ ವರದಿ ಯಾರಿಗೆ ಬೇಕಾದರೂ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಭಿಲಾಯಿ, ಬೊಕಾರೊ, ಸೇಲಂ ಘಟಕಗಳ ಜೊತೆಗೆ ನಮ್ಮ ಕಾರ್ಖಾನೆಗೂ ಪ್ರತ್ಯೇಕ ಲೆಕ್ಕವಿದೆ. ಐದು ವರ್ಷದ ಅಂಕಿಗಳನ್ನು ಎಕ್ಸೆಲ್‌ಗೆ ಏರಿಸು. ಸ್ವಂತ ಅದಿರು ಗಣಿ ನಡೆಸದ ಕಾರ್ಖಾನೆಗೆ ಕಚ್ಚಾ ಮಾಲು ಎಷ್ಟು ಭಾರ, ಉತ್ಪಾದನೆ ಕುಸಿದಾಗ ಸ್ಥಿರ ವೆಚ್ಚ ನಷ್ಟವನ್ನು ಹೇಗೆ ಹಿಗ್ಗಿಸುತ್ತದೆ ಎಂದು ನೋಡು. ಆ ನಷ್ಟದ ಹಿಂದಿರುವ ಕಾರ್ಮಿಕರ ಮನೆಗಳು ನಿನಗೆ ಗೊತ್ತು. ಆ ತಿಳಿವಳಿಕೆ ನಿನ್ನ ಬರವಣಿಗೆಗೆ ತೂಕ ಕೊಡುತ್ತದೆ.

ಸಂದರ್ಶನದಲ್ಲಿ ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ: ಸವಕಳಿ 10 ರೂಪಾಯಿ ಹೆಚ್ಚಾದರೆ ಏನಾಗುತ್ತದೆ? ತೆರಿಗೆ ಶೇ. 30 ಎಂದುಕೊ. ತೆರಿಗೆಯಲ್ಲಿ 3 ರೂಪಾಯಿ ಉಳಿಯುವುದರಿಂದ ನಿವ್ವಳ ಲಾಭ ಇಳಿಯುವುದು 7 ಮಾತ್ರ. ಸವಕಳಿಗೆ ಕೈಯಿಂದ ದುಡ್ಡು ಹೋಗುವುದಿಲ್ಲ, ಹಾಗಾಗಿ ನಗದು 3 ಏರುತ್ತದೆ. ಬ್ಯಾಲೆನ್ಸ್ ಶೀಟಿನಲ್ಲಿ ಯಂತ್ರದ ಬೆಲೆ 10 ಇಳಿದು ನಗದು 3 ಏರಿತು, ಒಟ್ಟು ಇಳಿಕೆ 7. ಎದುರು ಬದಿಯಲ್ಲಿ ಮಾಲೀಕರ ಬಂಡವಾಳವೂ 7 ಇಳಿಯಿತು. ಬಾಯಿಪಾಠ ಬೇಡ, ಕಾಗದದ ಮೇಲೆ ಬರೆದು ಬರೆದು ಕಲಿ.

ಷೇರು ದಲ್ಲಾಳಿ ಕಂಪನಿ ಝೆರೋಧಾದ ‘ವಾರ್ಸಿಟಿ’ ಪಾಠಗಳು, ನ್ಯೂಯಾರ್ಕ್ ಪ್ರಾಧ್ಯಾಪಕ ಅಶ್ವತ್ಥ್ ದಾಮೋದರನ್ ಅವರ ಮೌಲ್ಯಮಾಪನದ ಉಪನ್ಯಾಸಗಳು ಉಚಿತ. ಷೇರುಪೇಟೆಯ ನಿಯಂತ್ರಕ ಸೆಬಿ ಸ್ಥಾಪಿಸಿದ ಎನ್‌ಐಎಸ್‌ಎಂನ ರಿಸರ್ಚ್ ಅನಲಿಸ್ಟ್ ಪರೀಕ್ಷೆ ಕಟ್ಟು. ಸ್ವಂತವಾಗಿ ಕಲಿತದ್ದಕ್ಕೆ ಅದೊಂದು ಪುರಾವೆ. ಝೆರೋಧಾವನ್ನು 2010ರಲ್ಲಿ ಕಟ್ಟಿದ ನಿತಿನ್ ಕಾಮತ್ ಹುಟ್ಟಿದ್ದು ನಮ್ಮ ಶಿವಮೊಗ್ಗದಲ್ಲೇ. ರಾತ್ರಿ ಕಾಲ್ ಸೆಂಟರಿನಲ್ಲಿ ದುಡಿಯುತ್ತ ಹಗಲು ಷೇರುಪೇಟೆ ಕಲಿತವರು ಅವರು.

ಆದರೆ ಅವರ ಹೆಸರು ಹೇಳಿ ಫ್ಯೂಚರ್ಸ್-ಆಪ್ಷನ್ಸ್‌ಗೆ ಫೀಸಿನ ದುಡ್ಡು ಹಾಕಬೇಡ. 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಹಾಗೆ ವಹಿವಾಟು ಮಾಡಿದ ಸಾಮಾನ್ಯರಲ್ಲಿ ಶೇ. 93 ಮಂದಿ ಕಳೆದುಕೊಂಡರು ಎಂದು ಸೆಬಿಯೇ ಲೆಕ್ಕ ಹಾಕಿದೆ. ಅದು ಓದೂ ಅಲ್ಲ, ಉದ್ಯೋಗವೂ ಅಲ್ಲ ಮಗಳೇ. ನಿನ್ನ ಬಂಡವಾಳ ನಿನ್ನ ಸಮಯ. ಅದನ್ನು ವರದಿ ಓದುವುದಕ್ಕೆ ಹಾಕು.

ದಸರಾ ರಜೆಗೆ ಬರುವಾಗ ಭದ್ರಾವತಿಯ ಮೇಲೆ ಬರೆದ ಎರಡು ಪುಟ ತಾ. ಇಬ್ಬರೂ ಕೂತು ಸಾಲು ಸಾಲಾಗಿ ತಿದ್ದೋಣ. ಆಮೇಲೆ ಅದನ್ನೇ ಅರ್ಜಿಯ ಜೊತೆ ಲಗತ್ತಿಸಿ ಕಳಿಸು. ಹತ್ತು ಕಡೆ ಉತ್ತರ ಬಾರದಿದ್ದರೆ ಹನ್ನೊಂದನೆಯ ಕಡೆಗೂ ಕಳಿಸು.

ಇಂತಿ ನಿನ್ನ
ದೊಡ್ಡಪ್ಪ