ಪ್ರಾಣಿಗಳಿಂದ ಮನುಷ್ಯರಿಗೆ ಬರುವ ರೋಗಗಳು: ಬೆಳೆಗಾರರೂ ಕೂಲಿಗಾರರೂ ತಿಳಿದಿರಬೇಕಾದ ಲಕ್ಷಣಗಳು



ಅಡಿಕೆ ಕೊಯ್ಲು, ಕಾಫಿ ಹಣ್ಣಿನ ಕೊಯ್ಲು ಆರಂಭವಾಯಿತೆಂದರೆ ಮಲೆನಾಡಿನ ನಮ್ಮ ತೋಟಗಳಿಗೆ ಬಯಲು ಸೀಮೆಯಿಂದ ಆಳುಗಳು ಬರುತ್ತಾರೆ. ಅವರಲ್ಲಿ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳವರೂ ಇದ್ದಾರೆ. ಕೆಲವರು ಹಬ್ಬಕ್ಕೋ ಜಾತ್ರೆಗೋ ನಡುವೆ ಊರಿಗೆ ಹೋಗಿ ಬರುತ್ತಾರೆ, ಕೆಲವರು ಕೊಯ್ಲು ಮುಗಿದ ಮೇಲೆ ಹಿಂದಿರುಗುತ್ತಾರೆ. ಹೀಗೆ ಎರಡು ಸೀಮೆಗಳ ನಡುವೆ ಓಡಾಡುವವರಿಗೆ ಜ್ವರ ಬಂದಾಗ ಒಂದು ತೊಡಕುಂಟು. ಕೂಡ್ಲಿಗಿಯ ವೈದ್ಯರಿಗೆ ರೋಗಿ ಮೊನ್ನೆಯವರೆಗೆ ಕಾಡಂಚಿನ ತೋಟದಲ್ಲಿದ್ದನೆಂಬುದು ತಿಳಿದಿರುವುದಿಲ್ಲ. ನಮ್ಮ ಕಡೆಯ ವೈದ್ಯರಿಗೆ ಅವನ ಮನೆಯಲ್ಲಿ ಕುರಿ ಮೇಕೆಗಳಿವೆಯೆಂಬುದು ಗೊತ್ತಿರುವುದಿಲ್ಲ. ಈ ಒಂದು ಮಾತು ಹೇಳದೆ ಹೋದರೆ ರೋಗ ಗುರುತಿಸುವುದು ತಡವಾಗುತ್ತದೆ. ಆದ್ದರಿಂದ ಎರಡೂ ಸೀಮೆಗಳ ಮುಖ್ಯ ರೋಗಗಳನ್ನು ಇಲ್ಲಿ ಒಟ್ಟಿಗೆ ವಿವರಿಸಿದ್ದೇವೆ.

ಮಂಗನ ಕಾಯಿಲೆ

ಈ ರೋಗವನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಪ್ರದೇಶದಲ್ಲಿ. ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು, ಸುತ್ತಲಿನ ಹಳ್ಳಿಗರು ತೀವ್ರ ಜ್ವರದಿಂದ ನರಳುತ್ತಿದ್ದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ಪರೀಕ್ಷಿಸಿ, ಇದಕ್ಕೆ ಕಾರಣವಾದ ಹೊಸ ವೈರಸ್ಸನ್ನು ಪತ್ತೆ ಮಾಡಿದರು. ಅಂದಿನಿಂದ ರೋಗ ಹಬ್ಬುತ್ತಾ ಬಂದಿದೆ. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ಕಡೆ ದೊಡ್ಡದಾಗಿ ಕಾಣಿಸಿಕೊಂಡಿತು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಜೀವಗಳನ್ನು ಬಲಿ ತೆಗೆದುಕೊಂಡಿತು.

ಮಂಗ ನೇರವಾಗಿ ರೋಗ ಹರಡುವುದಿಲ್ಲ. ಹರಡುವುದು ಉಣುಗು, ಅಂದರೆ ಉಣ್ಣೆ. ಮಂಗ ಸತ್ತೊಡನೆ ಅದರ ಮೈಮೇಲಿನ ಉಣುಗುಗಳು ಕೆಳಗಿಳಿದು ತರಗೆಲೆಯಲ್ಲಿ ಸೇರಿಕೊಳ್ಳುತ್ತವೆ. ಆ ಜಾಗದಲ್ಲಿ ಓಡಾಡಿದವರನ್ನು ಮರಿ ಉಣುಗು ಕಚ್ಚಿದರೆ ರೋಗ ಅಂಟಬಹುದು. ಅದು ಬಹು ಸಣ್ಣದು, ಕಚ್ಚಿದ್ದೂ ತಿಳಿಯುವುದಿಲ್ಲ. ಡಿಸೆಂಬರಿನಿಂದ ಮೇವರೆಗೆ ಅಪಾಯ ಹೆಚ್ಚು. ಕೊಯ್ಲು, ದರಕು ಗುಡಿಸುವುದು, ಸೊಪ್ಪಿನ ಬೆಟ್ಟದ ಕೆಲಸ, ಸೌದೆ ತರುವುದು ಎಲ್ಲವೂ ನಡೆಯುವುದು ಈ ತಿಂಗಳುಗಳಲ್ಲೇ. ಒಬ್ಬ ರೋಗಿಯಿಂದ ಇನ್ನೊಬ್ಬರಿಗೆ ಈ ಕಾಯಿಲೆ ಹರಡುವುದಿಲ್ಲವಾದ್ದರಿಂದ ರೋಗಿಯನ್ನು ದೂರವಿಡಬೇಕಾಗಿಲ್ಲ.

ಲಕ್ಷಣಗಳು: ಉಣುಗು ಕಚ್ಚಿದ 3ರಿಂದ 8 ದಿನಗಳಲ್ಲಿ ಚಳಿಯೊಂದಿಗೆ ಇದ್ದಕ್ಕಿದ್ದಂತೆ ಜ್ವರ ಏರುತ್ತದೆ. ಹಣೆಯ ಭಾಗದಲ್ಲಿ ವಿಪರೀತ ತಲೆನೋವು, ಸೊಂಟ ಮತ್ತು ಮಾಂಸಖಂಡಗಳ ನೋವು, ಕಣ್ಣು ಕೆಂಪಾಗುವುದು, ವಾಂತಿ, ಭೇದಿ, ಅತಿಯಾದ ನಿತ್ರಾಣ ಇರುತ್ತವೆ. ಕೆಲವರಿಗೆ ಮೂಗು, ವಸಡುಗಳಿಂದ ರಕ್ತ ಬರುತ್ತದೆ. ಜ್ವರ ಬಿಟ್ಟು ಒಂದೆರಡು ವಾರ ಚೆನ್ನಾಗಿದ್ದು ಮತ್ತೆ ಜ್ವರ, ನಡುಕ, ಮನಸ್ಸಿನ ಗೊಂದಲ ಕಾಣಿಸುವುದೂ ಉಂಟು. ರೋಗ ಬಂದವರಲ್ಲಿ 100ಕ್ಕೆ 3ರಿಂದ 5 ಮಂದಿ ಸಾಯುವ ಸಂಭವವಿದೆ.

ಕಚ್ಚಿದ್ದು ನಮ್ಮ ತೋಟದಲ್ಲಿ, ಜ್ವರ ಬಂದದ್ದು ಹರಪನಹಳ್ಳಿಯ ಮನೆಯಲ್ಲಿ ಎಂಬಂತಾಗಲು ಈ 3ರಿಂದ 8 ದಿನಗಳ ಅಂತರವೇ ಸಾಕು. ಈ ರೋಗಕ್ಕೆ ನಿರ್ದಿಷ್ಟ ಔಷಧಿಯಿಲ್ಲ. ಆದರೆ ಬೇಗ ಆಸ್ಪತ್ರೆ ಸೇರಿ ಸರಿಯಾದ ಆರೈಕೆ ಪಡೆದರೆ ಬಹುಪಾಲು ಜನ ಬದುಕುತ್ತಾರೆ. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುತ್ತಾ ಕೂರಬಾರದು. ಆಸ್ಪಿರಿನ್‌ನಂಥವು ರಕ್ತಸ್ರಾವವನ್ನು ಹೆಚ್ಚಿಸಬಹುದು. ಹಿಂದೆ ಕೊಡುತ್ತಿದ್ದ ಲಸಿಕೆಯ ಬಳಕೆ 2022ರಲ್ಲಿ ನಿಂತಿದೆ. ಆದ್ದರಿಂದ ಉಣುಗು ಕಚ್ಚದಂತೆ ನೋಡಿಕೊಳ್ಳುವುದೇ ಮುಖ್ಯ ದಾರಿ. ಆರೋಗ್ಯ ಇಲಾಖೆ ಕೊಡುವ ಡೀಪಾ ತೈಲವನ್ನು ಕೈಕಾಲಿಗೆ ಹಚ್ಚಿ, ಮೈ ತುಂಬ ಬಟ್ಟೆ ತೊಟ್ಟು ಕೆಲಸಕ್ಕೆ ಇಳಿಯಬೇಕು. ಸಂಜೆ ಬಿಸಿನೀರು, ಸೋಪು ಹಚ್ಚಿ ಸ್ನಾನ ಮಾಡಿ ಬಟ್ಟೆ ಒಗೆಯಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ, ಕೂಡಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

ಇಲಿ ಜ್ವರ

ಇಲಿ, ಹೆಗ್ಗಣಗಳ ಮೂತ್ರ ಸೇರಿದ ನೀರು, ಕೆಸರಿನಿಂದ ಇದು ಬರುತ್ತದೆ. ಕಾಲಿನ ಗಾಯ, ಬಿರುಕುಗಳ ಮೂಲಕ ರೋಗಾಣು ಒಳಸೇರುತ್ತದೆ. ತೋಟದ ಬಸಿಗಾಲುವೆ ತೆಗೆಯುವವರು ಎಚ್ಚರದಿಂದಿರಬೇಕು. ಜ್ವರದೊಂದಿಗೆ ಮೀನಖಂಡದಲ್ಲಿ ಮುಟ್ಟಿದರೆ ಸಹಿಸಲಾಗದ ನೋವು, ಕೆಂಪು ಕಣ್ಣು ಇದರ ಗುರುತು. ಕಾಮಾಲೆಯಾಗಿ ಮೂತ್ರ ಕಡಿಮೆಯಾದರೆ ಪ್ರಾಣಾಪಾಯ. ಆರಂಭದಲ್ಲೇ ಔಷಧಿ ಕೊಟ್ಟರೆ ಗುಣವಾಗುತ್ತದೆ.

ಕಂದು ರೋಗ

ಕುರಿ, ಮೇಕೆ, ದನಗಳು ಗರ್ಭ ತುಂಬುವ ಮೊದಲೇ ಕಂದು ಹಾಕಿದರೆ ಬ್ರುಸೆಲ್ಲಾ ರೋಗವೆಂದು ಶಂಕಿಸಬೇಕು. ಸತ್ತೆ, ಗರ್ಭದ ನೀರನ್ನು ಬರಿಗೈಯಲ್ಲಿ ಮುಟ್ಟಿದರೆ, ಹಸಿ ಹಾಲು ಕುಡಿದರೆ ಮನುಷ್ಯರಿಗೆ ಬರುತ್ತದೆ. ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಕೀಲು ಮತ್ತು ಬೆನ್ನುನೋವು, ಗಂಡಸರಲ್ಲಿ ವೃಷಣದ ಊತ ಲಕ್ಷಣಗಳು. ತಿಂಗಳುಗಟ್ಟಲೆ ನರಳುವವನನ್ನು ಸೋಮಾರಿ ಎಂದು ಜರಿಯುವುದುಂಟು, ಅದು ಸರಿಯಲ್ಲ. ಕನಿಷ್ಠ 6 ವಾರ ಬಿಡದೆ ಔಷಧಿ ತೆಗೆದುಕೊಳ್ಳಬೇಕು. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಪಶುವೈದ್ಯ ಇಲಾಖೆ ಲಸಿಕೆ ಹಾಕುತ್ತದೆ. ತಪ್ಪದೆ ಹಾಕಿಸಿರಿ.

ನೆರಡಿ ರೋಗ

ಆಂಥ್ರಾಕ್ಸ್ ಎಂಬ ಈ ರೋಗದಿಂದ ಕುರಿ, ದನಗಳು ಹಠಾತ್ತನೆ ಸಾಯುತ್ತವೆ. ಮೂಗು, ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬರುವುದುಂಟು. ಅಂಥ ಹೆಣವನ್ನು ಸುಲಿಯಕೂಡದು, ಕೊಯ್ಯಕೂಡದು, ಮಾಂಸ ಹಂಚಕೂಡದು. ಪಶುವೈದ್ಯರಿಗೆ ತಿಳಿಸಿ, ಸುಣ್ಣ ಹಾಕಿ ಆಳವಾಗಿ ಹೂಳಬೇಕು. ಇದರ ರೋಗಾಣು ಮಣ್ಣಿನಲ್ಲಿ ದಶಕಗಳ ಕಾಲ ಬದುಕಿರುತ್ತದೆ. ಮನುಷ್ಯರಲ್ಲಿ ಮೊದಲು ತುರಿಕೆಯ ಗುಳ್ಳೆ, ನಂತರ ನೋವಿಲ್ಲದ, ನಡುವೆ ಕಪ್ಪು ಹಕ್ಕಳೆಯ ಹುಣ್ಣಾಗುತ್ತದೆ. ನೋವಿಲ್ಲವೆಂದು ಉದಾಸೀನ ಮಾಡಬಾರದು.

ಹುಚ್ಚುನಾಯಿ ಕಡಿತ

ರೇಬೀಸ್ ಲಕ್ಷಣ ಕಾಣಿಸಿದ ಮೇಲೆ ರೋಗಿ ಬದುಕುವುದಿಲ್ಲವೆಂದೇ ತಿಳಿಯಬೇಕು. ಆದ್ದರಿಂದ ನಾಯಿ ಕಚ್ಚಿದೊಡನೆ ಗಾಯವನ್ನು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಅರಿಸಿನ, ಖಾರದ ಪುಡಿ ಹಚ್ಚಬೇಡಿರಿ. ಅದೇ ದಿನ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಆರಂಭಿಸಿ, ಎಲ್ಲ ಸುತ್ತುಗಳನ್ನೂ ಮುಗಿಸಬೇಕು. ನಡುವೆ ಊರಿಗೆ ಹೋದರೆ ಚೀಟಿ ಜೊತೆಗಿರಲಿ. ಉಳಿದ ಸುತ್ತನ್ನು ಅಲ್ಲಿನ ಆಸ್ಪತ್ರೆಯಲ್ಲಿ ಪಡೆಯಬಹುದು.

ನಾವು ಮಾಡಬೇಕಾದದ್ದು

ಆಳುಗಳು ಊರಿಗೆ ಹೊರಡುವಾಗ ನಾವು ಲೆಕ್ಕ ಚುಕ್ತಾ ಮಾಡುತ್ತೇವೆ. ಅದರೊಂದಿಗೆ ಒಂದು ಚೀಟಿಯನ್ನೂ ಬರೆದು ಕೊಡೋಣ: ಯಾವ ತಾಲ್ಲೂಕಿನ ಯಾವ ಊರಿನ ತೋಟ, ಎಂದಿನಿಂದ ಎಂದಿನವರೆಗೆ ಕೆಲಸ, ಆಸುಪಾಸಿನಲ್ಲಿ ಮಂಗ ಸತ್ತಿತ್ತೇ ಎಂಬ ವಿವರ ಅದರಲ್ಲಿರಲಿ. ಎರಡು ವಾರದೊಳಗೆ ಜ್ವರ ಬಂದರೆ ಅದನ್ನು ವೈದ್ಯರಿಗೆ ತೋರಿಸಲು ಹೇಳೋಣ. ನಮ್ಮಲ್ಲಿರುವಾಗಲೇ ಜ್ವರ ಬಂದರೆ, ಊರಿನಲ್ಲಿ ಕುರಿ ದನಗಳ ಒಡನಾಟವಿತ್ತೇ ಎಂದು ಕೇಳಿ, ಜೊತೆಯಲ್ಲಿ ಹೋಗಿ ವೈದ್ಯರಿಗೆ ತಿಳಿಸೋಣ. ಮಂಗ ಸತ್ತ ಸುದ್ದಿ ಕೇಳಿದರೆ ಆಳುಗಳು ಹೆದರಿ ಬಿಟ್ಟುಹೋದಾರೆಂದು ಅದನ್ನು ಮುಚ್ಚಿಡುವುದು ಸಲ್ಲದು. ನಮ್ಮ ಬೆಳೆ ಮನೆ ಸೇರುವುದು ಅವರ ದುಡಿಮೆಯಿಂದ. ಅವರು ಆರೋಗ್ಯವಾಗಿ ತಮ್ಮ ಮನೆ ಸೇರುವಂತೆ ನೋಡಿಕೊಳ್ಳುವುದು ನಮ್ಮ ಹೊಣೆ.