ಹಿಮ, ಬಿಸಿಲು ಮತ್ತು ಜಿಂಕೆಯ ದಾರಿ

ಅಮೆರಿಕದ ವಯೋಮಿಂಗ್ ರಾಜ್ಯದ ಬೆಟ್ಟಗಳಲ್ಲಿ ಬೇಟೆಗಾರರು ಅರಸುವ ಮ್ಯೂಲ್ ಜಿಂಕೆಗಳು ಹಿಮ ಬೀಳುತ್ತಲೇ ಕೆಳಗಿಳಿಯತೊಡಗುತ್ತವೆ. ಚಳಿಗಿಂತ ಹಿಮದ ಆಳವೇ ಅವಕ್ಕೆ ದೊಡ್ಡ ಕಂಟಕ. ಅರ್ಧ ಮೀಟರು ಹಿಮದಲ್ಲಿ ನಡೆಯುವುದೇ ದುಸ್ಸಾಧ್ಯ. ಆದರೆ ಕೆಳಗಿಳಿದ ಮೇಲೂ ಅವು ದಕ್ಷಿಣಕ್ಕೆ ವಾಲಿದ ಇಳಿಜಾರನ್ನೇ ಆರಿಸುವುದೇಕೆ? ನಾವು ಲೆಕ್ಕ ಹಾಕಿ ನೋಡೋಣ. 43 ಡಿಗ್ರಿ ಅಕ್ಷಾಂಶದಲ್ಲಿ ಡಿಸೆಂಬರ್ 21ರ ನಡುಹಗಲು ಸೂರ್ಯನ ಎತ್ತರ ಸುಮಾರು 23½ ಡಿಗ್ರಿ. ಆಗ 30 ಡಿಗ್ರಿ ವಾಲಿದ ದಕ್ಷಿಣದ ಮಗ್ಗುಲಿಗೆ ಸಮತಲ ನೆಲಕ್ಕಿಂತ ಎರಡರಷ್ಟು ನೇರ ಬಿಸಿಲು. ಅಷ್ಟೇ ವಾಲಿದ ಉತ್ತರದ ಮಗ್ಗುಲಿಗೆ ಸೊನ್ನೆ. (ವಿದ್ಯಾರ್ಥಿಗಳು ಸೈನ್ ಕೋಷ್ಟಕವನ್ನು ತೆರೆದು ಪರೀಕ್ಷಿಸಬಹುದು.) ಹಿಮ ಕರಗಿದಲ್ಲಿ ಮೇವು ಹೊರಬೀಳುತ್ತದೆ. ಕರಗಿದ್ದು ರಾತ್ರಿ ಮತ್ತೆ ಹೆಪ್ಪುಗಟ್ಟಿದರೋ, ಗೊರಸು ಆ ಗಟ್ಟಿ ಪದರವನ್ನೊಡೆದು ಕುಸಿಯುವಾಗ ಹೆಜ್ಜೆಹೆಜ್ಜೆಗೂ ಮೈಯ ಕೊಬ್ಬು ವ್ಯಯವಾಗುತ್ತದೆ. 2022–23ರ ಚಳಿಗಾಲದಲ್ಲಿ ಪಶ್ಚಿಮ ವಯೋಮಿಂಗಿನಲ್ಲಿ ಆಳವಾದ ಹಿಮ ಬಹುಕಾಲ ನಿಂತಿತು. ಅಸಂಖ್ಯ ಮರಿಗಳು ವಸಂತವನ್ನು ಕಾಣಲಿಲ್ಲ.