ತಾತನ ಗಿಟಾರಿನ ಹೆಚ್ಚುವರಿ ಬಿರಡೆಗಳು

ದಂಡಿಗನಹಳ್ಳಿ ಹೋಬಳಿಯ ಓದುಗರೊಬ್ಬರ ಅಟ್ಟದಲ್ಲಿ ತಾತನ ಕಾಲದ ಲ್ಯಾಪ್ ಸ್ಟೀಲ್ ಗಿಟಾರ್ ಸಿಕ್ಕಿದೆ. ಪಕ್ಕದಲ್ಲಿ ಯಾರೋ ಹೆಚ್ಚುವರಿ ಬಿರಡೆ ಕೂರಿಸಿದ್ದಾರೆ. ಆ ಗಿಟಾರ್ ಎಲ್ಲಿಯದು, ಏನು ಬೆಲೆ ಎಂಬುದು ಅವರ ಪ್ರಶ್ನೆ.

ಬಿರಡೆಗಳನ್ನು ಮಾತ್ರ ಕೀಳಿಸಬಾರದು.

ಹೊಸ ರಂಧ್ರ, ಬದಲಾದ ಪಿಕಪ್, ಮರುಬಣ್ಣ ಇವು ಸಂಗ್ರಾಹಕರ ಲೆಕ್ಕದಲ್ಲಿ ಬೆಲೆ ಇಳಿಸುತ್ತವೆ, ನಿಜ. ಆದರೆ ಭಾರತದಲ್ಲಿ ಈ ಮಾರ್ಪಾಡಿಗೇ ಒಂದು ಚರಿತ್ರೆಯಿದೆ. ಬ್ರಿಜ್ ಭೂಷಣ್ ಕಾಬ್ರಾ ಹೀಗೆಯೇ ತೊಡೆಯ ಮೇಲಿಟ್ಟು ನುಡಿಸುವ ಹವಾಯಿ ಗಿಟಾರಿಗೆ ಚಿಕಾರಿ (ಶ್ರುತಿ, ಲಯಕ್ಕೆ ಮೀಟುವ) ತಂತಿ ಸೇರಿಸಿ ರಾಗ ನುಡಿಸಿದರು. 1967ರ ‘ಕಾಲ್ ಆಫ್ ದಿ ವ್ಯಾಲಿ’ ಧ್ವನಿಮುದ್ರಿಕೆಯಲ್ಲಿ ಕೇಳುವುದು ಅವರ ಗಿಟಾರೇ. ವಿಶ್ವಮೋಹನ ಭಟ್ಟರು ತರಬ್ (ತಾವಾಗಿ ಅನುರಣಿಸುವ) ತಂತಿಗಳನ್ನೂ ಕೂಡಿಸಿ ಮೋಹನವೀಣೆ ಮಾಡಿದರು, 1994ರಲ್ಲಿ ಗ್ರ್ಯಾಮಿ ಪಡೆದರು. ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆ ಅವರದೂ ಇದೇ ಹಾದಿ. ತಂತಿಯ ಮೇಲೆ ಗುಂಡು ಜಾರಿಸಿ ನುಡಿಸುವ ಚಿತ್ರವೀಣೆ ಕೇಳಿದ ಕಿವಿಗೆ ಈ ಜಾರುನಾದ ಹೊಸದೇನಲ್ಲ.

ಅಮೆರಿಕದ ವಿದ್ಯುತ್ ಗಿಟಾರಾದರೆ, ಅದರ ಕಾಲ ತಿಳಿಯಲು ದನಿ ಏರಿಳಿಸುವ ಗುಂಡಿಯ ಅಡಿಯ ಲೋಹದ ಡಬ್ಬಿಯ ಮೇಲಿನ ಅಂಕೆ ಓದಬೇಕು. 1376512 ಎಂದಿದ್ದರೆ 137 ತಯಾರಕರ ಸಂಕೇತ, 65 ಇಸವಿ, 12 ವಾರ. ಗಿಟಾರ್ ತಯಾರಾದದ್ದು ಅದಕ್ಕಿಂತ ಈಚೆಗೆ. ಆದರೆ ಬೆಸುಗೆ ಹೊಸದಾಗಿದ್ದರೆ ಆ ಸಾಕ್ಷ್ಯ ನಿಲ್ಲದು.

ತಾತ ನುಡಿಸುತ್ತಿರುವ ಫೋಟೊ, ಹಳೆಯ ರಸೀದಿ, ಬಿರಡೆ ಕೂರಿಸಿದ ಕುಶಲಿಯ ಹೆಸರು ಸಿಕ್ಕರೆ ವಾದ್ಯದ ಪೆಟ್ಟಿಗೆಯಲ್ಲೇ ಇಡಲಿ. ಮಾರುವ ಮುನ್ನ ಸ್ಲೈಡ್ ಗಿಟಾರ್ ವಾದಕರೊಬ್ಬರಿಂದ ನುಡಿಸಿಸಿ ನೋಡಲಿ.